ಸೋಲರಿಯದ ಋತುವನ್ನು ದಿನಪತ್ರಿಕೆಗಳಲ್ಲಿ ಓದುವುದು: ‘ಕ್ರಾನಿಕ್ಲಿಂಗ್ ಅಮೆರಿಕ’ ಸೇವೆಯ ವಿಮರ್ಶೆ

ಬೇಸ್‌ಬಾಲ್‌ನಲ್ಲಿ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟು ಕಟ್ಟಿದ ಮೊದಲ ತಂಡವೆಂದು ಹೆಸರಾದದ್ದು ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದ ರೆಡ್ ಸ್ಟಾಕಿಂಗ್ಸ್ (‘ಕೆಂಪು ಕಾಲುಚೀಲಗಳು’). ಆ ತಂಡ 1869ರ ಮೇ ತಿಂಗಳಿಂದ ನವೆಂಬರ್‌ವರೆಗೆ ಅಮೆರಿಕದ ಎರಡೂ ಕರಾವಳಿಗಳಲ್ಲಿ ಆಡಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಬೇಸ್‌ಬಾಲ್ ಬಗ್ಗೆ ಬರೆದ ಯಾವ ಪರಿಚಯ ಪುಸ್ತಕವನ್ನು ತೆರೆದರೂ 57 ಗೆಲುವು, ಸೊನ್ನೆ ಸೋಲು ಎಂಬ ಲೆಕ್ಕ ಸಿಗುತ್ತದೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಯಾವ ದಿನ ಯಾರ ಎದುರು ಏನಾಯಿತು ಎಂದು ತಿಳಿಯಬಯಸುವವರಿಗೆ ಮಾತ್ರ ತೊಡಕು ಎದುರಾಗುತ್ತದೆ. ಇಂದಿನ ಅಂಕಿಅಂಶದ ಜಾಲತಾಣಗಳು ವೃತ್ತಿಪರ ಬೇಸ್‌ಬಾಲ್‌ನ ಲೆಕ್ಕವನ್ನು ಸಾಮಾನ್ಯವಾಗಿ 1871ರಿಂದ, ಅಂದರೆ ಮೊದಲ ವೃತ್ತಿಪರ ಸಂಘ ಹುಟ್ಟಿದ ವರ್ಷದಿಂದ ಶುರುಮಾಡುತ್ತವೆ. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗ್‌ನ ಅಧಿಕೃತ ದಾಖಲೆಯಾದರೋ 1876ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಆದ್ದರಿಂದ 1869ರ ಋತು ಕೋಷ್ಟಕಗಳ ಹೊರಗೆ ಉಳಿದಿದೆ. ಅದು ಇರುವುದು ಅಂದಿನ ದಿನಪತ್ರಿಕೆಗಳಲ್ಲಿ, ಮತ್ತು ಆ ಪತ್ರಿಕೆಗಳಲ್ಲಿ ಬಹಳಷ್ಟನ್ನು ಇಂದು ಮನೆಯಲ್ಲಿ ಕುಳಿತು ಹಣ ಕೊಡದೆ ಓದಬಹುದು.

ಈ ಅವಕಾಶ ಒದಗಿಸಿರುವ ಮುಖ್ಯ ಸೇವೆಯೆಂದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’. ಅಲ್ಲಿನ ಮಾನವಿಕ ಅಧ್ಯಯನಗಳ ರಾಷ್ಟ್ರೀಯ ದತ್ತಿಯ ನೆರವಿನಿಂದ ನಡೆಯುವ ಈ ಯೋಜನೆಯಲ್ಲಿ ಪ್ರತಿಯೊಂದು ರಾಜ್ಯದ ಗ್ರಂಥಾಲಯಗಳೂ ಸಂಸ್ಥೆಗಳೂ ತಮ್ಮ ಹಳೆಯ ಪತ್ರಿಕೆಗಳನ್ನು, ಬಹುಪಾಲು ಮೈಕ್ರೋಫಿಲ್ಮ್‌ನಿಂದ, ಸ್ಕ್ಯಾನ್ ಮಾಡಿ ಸೇರಿಸುತ್ತ ಬಂದಿವೆ. ಪುಟಗಳ ಸಂಖ್ಯೆ 2 ಕೋಟಿ ದಾಟಿದೆ. ಖಾತೆ ತೆರೆಯಬೇಕಿಲ್ಲ, ಚಂದಾ ಇಲ್ಲ, ಜಾಹೀರಾತಿನ ಕಾಟವಿಲ್ಲ. ಬೆಂಗಳೂರಿನಿಂದ ನೋಡುವವರಿಗೂ ಬಾಸ್ಟನ್‌ನಿಂದ ನೋಡುವವರಿಗೂ ಒಂದೇ ಬಾಗಿಲು. ಪ್ರತಿ ಪುಟವನ್ನು ಚಿತ್ರವಾಗಿ, ಪಿಡಿಎಫ್ ಆಗಿ, ಯಂತ್ರ ಓದಿಕೊಂಡ ಪಠ್ಯವಾಗಿ ಇಳಿಸಿಕೊಳ್ಳಬಹುದು. (ಇದೇ ಲೈಬ್ರರಿ ದೆಹಲಿಯ ತನ್ನ ಕಚೇರಿಯ ಮೂಲಕ ಕನ್ನಡ ಪುಸ್ತಕಗಳನ್ನೂ ದಶಕಗಳಿಂದ ಸಂಗ್ರಹಿಸುತ್ತಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು.) ಸಾಮಾನ್ಯ ಓದುಗರೊಬ್ಬರು ಒಂದು ತಂಡದ ಒಂದು ಋತುವನ್ನು ಬೆನ್ನುಹತ್ತಿ ಓದಲು ಈ ಸೇವೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹುಡುಕುವ ಸಾಧನವಾಗಿ ಇದು ಸಾಧಾರಣ, ಓದುವ ಸಾಧನವಾಗಿ ಅತ್ಯುತ್ತಮ. ಈ ವ್ಯತ್ಯಾಸವನ್ನು ಅರಿಯದೆ ಒಳಹೊಕ್ಕವರು ಬೇಗನೆ ಬೇಸತ್ತು ಹೊರಬರುತ್ತಾರೆ.

ಓದಲು ಕೂರುವ ಮುನ್ನ ತಂಡದ ಪರಿಚಯ ಸ್ವಲ್ಪ ಇರಬೇಕು, ಏಕೆಂದರೆ ಅಂದಿನ ವರದಿಗಾರರು ಯಾರನ್ನೂ ಪರಿಚಯಿಸುವ ಗೋಜಿಗೆ ಹೋಗುವುದಿಲ್ಲ. ತಂಡವನ್ನು ಕಟ್ಟಿದ ಹ್ಯಾರಿ ರೈಟ್ ಮೂಲತಃ ಕ್ರಿಕೆಟಿಗ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1835ರಲ್ಲಿ ಹುಟ್ಟಿ, ನ್ಯೂಯಾರ್ಕ್‌ನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ವೃತ್ತಿ ಆಟಗಾರನಾಗಿದ್ದ ತಂದೆಯ ಗರಡಿಯಲ್ಲಿ ಪಳಗಿದ ಅವರು ಸಿನ್ಸಿನಾಟಿಗೆ ಬಂದದ್ದೂ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಸಂಬಳದ ಮೇಲೆಯೇ. ಬೇಸ್‌ಬಾಲ್ ಕ್ಲಬ್‌ಗಳ ರಾಷ್ಟ್ರೀಯ ಸಂಘ ಅಲ್ಲಿಯವರೆಗೆ ಸಂಬಳದ ಆಟಗಾರರನ್ನು ನಿಷೇಧಿಸಿತ್ತು. ಹಣ ಕೈಬದಲಾಗುತ್ತಿದ್ದುದು ಮೇಜಿನ ಕೆಳಗೆ. 1868ರ ಕೊನೆಯಲ್ಲಿ ಸಂಘ ನಿಷೇಧ ತೆಗೆದೊಡನೆ ವಕೀಲ ಆರನ್ ಚಾಂಪಿಯನ್ ಅಧ್ಯಕ್ಷರಾಗಿದ್ದ ಸಿನ್ಸಿನಾಟಿ ಕ್ಲಬ್ ಹತ್ತು ಮಂದಿಯೊಡನೆ ಮಾರ್ಚ್ 15ರಿಂದ ನವೆಂಬರ್ 15ರವರೆಗಿನ ಕರಾರು ಮಾಡಿಕೊಂಡಿತು. ಹ್ಯಾರಿಯ ತಮ್ಮ, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ) ಸ್ಥಾನದ ಜಾರ್ಜ್ ರೈಟ್‌ಗೆ 1,400 ಡಾಲರ್. ನಾಯಕತ್ವ, ತರಬೇತಿ, ಪ್ರವಾಸದ ಏರ್ಪಾಡು ಎಲ್ಲವನ್ನೂ ಹೊತ್ತ ಹ್ಯಾರಿಗೆ 1,200. ಪಿಚರ್ (ಚೆಂಡೆಸೆಯುವವ) ಏಸಾ ಬ್ರೇನಾರ್ಡ್‌ಗೆ 1,100. ಮೂರನೇ ಬೇಸ್‌ನ ಫ್ರೆಡ್ ವಾಟರ್‌ಮನ್‌ಗೆ 1,000. ಉಳಿದ ಐವರಿಗೆ ತಲಾ 800. ಒಬ್ಬನೇ ಬದಲಿ ಆಟಗಾರ ಡಿಕ್ ಹರ್ಲಿಗೆ 600. ಒಟ್ಟು 9,300 ಡಾಲರ್. ಇವರಲ್ಲಿ ಆ ಊರಿನವನೆಂದರೆ ಮೊದಲನೇ ಬೇಸ್‌ನ ಚಾರ್ಲಿ ಗೂಲ್ಡ್ ಒಬ್ಬನೇ. ಲೆನರ್ಡ್ ಮತ್ತು ಸ್ವೀಸಿ ಟೋಪಿ ತಯಾರಿಸುವ ಕಸುಬಿನವರು, ಕ್ಯಾಚರ್ (ಬ್ಯಾಟುಗಾರನ ಹಿಂದೆ ನಿಂತು ಚೆಂಡು ಹಿಡಿಯುವವ) ಆಲಿಸನ್ ಅಮೃತಶಿಲೆ ಕೊರೆಯುವವ, ಮೆಕ್‌ವೇ ಪಿಯಾನೊ ತಯಾರಿಸುವವ, ಹ್ಯಾರಿ ಆಭರಣದ ಕೆಲಸದವ. ‘ಊರಿನ ತಂಡ’ ಎಂಬ ಅಭಿಮಾನವನ್ನು ಹೊರಗಿನಿಂದ ಕೊಂಡುತಂದ ಆಟಗಾರರ ಮೇಲೆ ಕಟ್ಟುವುದು ಐಪಿಎಲ್ ನೋಡುವ ನಮಗೆ ಹೊಸದಲ್ಲ. 1869ರಲ್ಲಿ ಅದು ಆಕ್ಷೇಪಕ್ಕೆ ಗುರಿಯಾದ ಹೊಸ ಪ್ರಯೋಗವಾಗಿತ್ತು.

ಈಗ ಸೇವೆಯ ಬಳಕೆಗೆ ಬರೋಣ. ಹೊಸಬರೆಲ್ಲರೂ ಮೊದಲು ಮಾಡುವುದು ಶೋಧಪೆಟ್ಟಿಗೆಯಲ್ಲಿ ತಂಡದ ಹೆಸರು ಬರೆದು ಗುಂಡಿ ಒತ್ತುವುದು. ಅದರಿಂದ ಸಿಗುವುದು ಅರೆಬರೆ ಫಲ. ಹಳೆಯ ಪತ್ರಿಕೆಗಳ ಅಚ್ಚು ಸಣ್ಣದು, ಶಾಯಿ ಕೆಲವೆಡೆ ಹರಡಿದೆ, ಕೆಲವೆಡೆ ಮಾಸಿದೆ, ಸಾಲುಗಳ ನಡುವೆ ಅಂತರವೇ ಇಲ್ಲ. ಇಂಥ ಪುಟವನ್ನು ಯಂತ್ರ ಓದುವಾಗ ಅಕ್ಷರಗಳು ಕಲಸಿಹೋಗುವುದು ಅನಿವಾರ್ಯ. ಒಳ್ಳೆಯ ವರದಿಯೊಂದು ಪುಟದಲ್ಲಿ ಕಣ್ಣಿಗೆ ಕಾಣುವಂತಿದ್ದರೂ ಶೋಧಕ್ಕೆ ಸಿಗದೆ ಹೋಗಬಹುದು. ಜೊತೆಗೆ ಅಂದಿನವರು ಆಟದ ಹೆಸರನ್ನು ‘ಬೇಸ್ ಬಾಲ್’ ಎಂದು ಎರಡು ಪದವಾಗಿ ಬರೆಯುತ್ತಿದ್ದರು. ತಂಡವನ್ನು ಒಮ್ಮೆ ‘ರೆಡ್ ಸ್ಟಾಕಿಂಗ್ಸ್’ ಎಂದರೆ ಇನ್ನೊಮ್ಮೆ ಬರೀ ‘ಸಿನ್ಸಿನಾಟಿ’ ಎಂದು ಕರೆಯುತ್ತಿದ್ದರು. ಶೋಧವನ್ನೇ ನಂಬಿದರೆ ಋತುವಿನ ಹತ್ತಾರು ದಿನಗಳು ಗೊತ್ತಿಲ್ಲದಂತೆ ಜಾರಿಹೋಗುತ್ತವೆ.

ಆದ್ದರಿಂದ ನನ್ನ ಸಲಹೆ ಹುಡುಕುವುದನ್ನು ಬಿಟ್ಟು ದಿನಾಂಕ ಹಿಡಿದು ಓದಬೇಕೆಂಬುದು. ತಂಡ ಯಾವ ದಿನ ಯಾವ ಊರಿನಲ್ಲಿತ್ತು ಎಂಬ ಪಟ್ಟಿಯನ್ನು ಇಟ್ಟುಕೊಂಡು, ಆ ಊರಿನ ಪತ್ರಿಕೆಯ ಮರುದಿನದ ಸಂಚಿಕೆಯನ್ನು ತೆರೆದು ಪುಟಪುಟವಾಗಿ ಕಣ್ಣಾಡಿಸುವುದು. ಪತ್ರಿಕೆಯ ಹೆಸರು ಆರಿಸಿ, ವರ್ಷ ಆರಿಸಿ, ದಿನಾಂಕ ಒತ್ತಿದರೆ ಸಂಚಿಕೆ ತೆರೆದುಕೊಳ್ಳುವ ಈ ಸೌಲಭ್ಯವೇ ಇಡೀ ಸೇವೆಯ ಜೀವಾಳ. 1869ರ ಪತ್ರಿಕೆಗಳಿಗೆ ಪುಟಗಳು ಕಡಿಮೆ. ಒಂದು ಸಂಚಿಕೆ ನೋಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನ್ಯೂಯಾರ್ಕ್‌ನ ‘ದಿ ಸನ್’, ‘ಹೆರಾಲ್ಡ್’, ‘ಟ್ರಿಬ್ಯೂನ್’, ವಾಷಿಂಗ್ಟನ್‌ನ ‘ಈವನಿಂಗ್ ಸ್ಟಾರ್’ ಈ ನಾಲ್ಕೂ ಆ ವರ್ಷಕ್ಕೆ ಇಲ್ಲಿ ಲಭ್ಯವಿವೆ. ತಂಡದ ತವರಿನ ವರದಿಗಳನ್ನು ನಾನು ಬೇಕೆಂದೇ ಬದಿಗಿಟ್ಟೆ. ‘ಸಿನ್ಸಿನಾಟಿ ಕಮರ್ಷಿಯಲ್’ ಪತ್ರಿಕೆಯ ಹ್ಯಾರಿ ಮಿಲ್ಲರ್ ತಂಡದ ಜೊತೆಯಲ್ಲೇ ಪ್ರಯಾಣಿಸುತ್ತಿದ್ದ ವರದಿಗಾರರು. ಜೊತೆಯಲ್ಲಿ ಊಟಮಾಡಿದವರ ಬರಹಕ್ಕಿಂತ ಎದುರಾಳಿ ಊರಿನವರ ಬರಹದಲ್ಲಿ ತಂಡದ ಅಳತೆ ಸರಿಯಾಗಿ ಸಿಗುತ್ತದೆಂಬುದು ನನ್ನ ನಂಬಿಕೆ.

ಈ ಕ್ರಮದಲ್ಲಿ ಓದಲು ಜೂನ್ ತಿಂಗಳಷ್ಟು ಒಳ್ಳೆಯ ಆರಂಭ ಬೇರೊಂದಿಲ್ಲ. ಮೇ 4ರಂದು ತಮ್ಮ ಊರಿನದೇ ಆದ ಗ್ರೇಟ್ ವೆಸ್ಟರ್ನ್ ತಂಡವನ್ನು 45–9ರಿಂದ ಮಣಿಸಿ ಋತುವನ್ನು ಆರಂಭಿಸಿದ ರೆಡ್ ಸ್ಟಾಕಿಂಗ್ಸ್ ತಿಂಗಳ ಕೊನೆಯಲ್ಲಿ ಪೂರ್ವದ ಪ್ರವಾಸಕ್ಕೆ ಹೊರಟಿತು. ಯೆಲ್ಲೊ ಸ್ಪ್ರಿಂಗ್ಸ್‌ನಲ್ಲಿ ಆಂಟಿಯಾಕ್ ಕಾಲೇಜಿನ ಎದುರು ಆಡಬೇಕಿದ್ದ ಪಂದ್ಯ ಮಳೆಗೆ ಕೊಚ್ಚಿಹೋಯಿತು. ಟಿಕೆಟ್ ಹಣವನ್ನೇ ನೆಚ್ಚಿಕೊಂಡು ಮುಂದಿನ ಊರಿಗೆ ಹೋಗಬೇಕಾದ ತಂಡಕ್ಕೆ ಮೊದಲ ದಿನವೇ ಮಳೆಯೆಂದರೆ ಏನು ಗತಿ ಎಂಬುದನ್ನು ನಮ್ಮ ವೃತ್ತಿ ನಾಟಕ ಕಂಪನಿಗಳ ಇತಿಹಾಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಂದ ಮುಂದೆ ಕ್ಲೀವ್‌ಲ್ಯಾಂಡ್, ಬಫಲೊ, ಟ್ರಾಯ್, ಬಾಸ್ಟನ್ ಹಾದು, ಹಾರ್ವರ್ಡ್ ವಿದ್ಯಾರ್ಥಿಗಳನ್ನೂ ಸೋಲಿಸಿ ತಂಡ ನ್ಯೂಯಾರ್ಕ್ ತಲುಪಿದಾಗ ಅದರ ನಿಜವಾದ ಪರೀಕ್ಷೆ ಶುರುವಾಯಿತು. ಆಟ ಬೆಳೆದದ್ದು ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್‌ಗಳಲ್ಲಿ. ಪಶ್ಚಿಮದ ಊರೊಂದರ ತಂಡ ಅಲ್ಲಿಗೆ ಬಂದು ಗೆಲ್ಲುತ್ತದೆಂದು ಅಲ್ಲಿನವರು ನಂಬಿರಲಿಲ್ಲ.

ಜೂನ್ 15ರ ಮಂಗಳವಾರ ನ್ಯೂಯಾರ್ಕ್‌ನ ಮ್ಯೂಚುವಲ್ ತಂಡದ ಎದುರು ನಡೆದ ಪಂದ್ಯ 4–2ರಲ್ಲಿ ಮುಗಿಯಿತು. ಇಂದಿನ ಬೇಸ್‌ಬಾಲ್ ನೋಡುವವರಿಗೆ ಈ ಅಂಕದಲ್ಲಿ ವಿಶೇಷವೇನೂ ಕಾಣದು. ಆದರೆ ಅಂದು ಪಿಚರ್ ಕೈಯನ್ನು ಭುಜದ ಮೇಲೆ ಎತ್ತದೆ, ಕೆಳಗಿನಿಂದ, 45 ಅಡಿ ದೂರದಿಂದ ಚೆಂಡು ಹಾಕಬೇಕಿತ್ತು. ಕೈಗವಸು ಯಾರಿಗೂ ಇರಲಿಲ್ಲ. ಬರಿಗೈಯಲ್ಲಿ ಹಿಡಿಯಲಾಗದೆ ಬಿಟ್ಟ ಚೆಂಡುಗಳಿಂದಲೇ ರನ್ನುಗಳು ಸುರಿಯುತ್ತಿದ್ದವು. 30, 40 ರನ್ ದಿನನಿತ್ಯದ ಮಾತಾಗಿದ್ದ ಆ ಕಾಲದಲ್ಲಿ ಎರಡೂ ತಂಡ ಸೇರಿ ಆರೇ ರನ್ ಗಳಿಸುವುದೆಂದರೆ ಕ್ಷೇತ್ರರಕ್ಷಣೆ ಹಿಂದೆಂದೂ ಕಾಣದಷ್ಟು ಬಿಗಿಯಾಗಿತ್ತೆಂದೇ ಅರ್ಥ. ಸಮಬಲದಲ್ಲಿ ನಿಂತಿದ್ದ ಪಂದ್ಯವನ್ನು ಕೊನೆಯ ಇನಿಂಗ್ಸ್‌ನಲ್ಲಿ ಎರಡು ರನ್ ಗಳಿಸಿ ಸಿನ್ಸಿನಾಟಿ ತನ್ನದಾಗಿಸಿಕೊಂಡಿತು. ತಂತಿ ಸುದ್ದಿಗಾಗಿ ತವರಿನ ಗಿಬ್ಸನ್ ಹೌಸ್ ಹೋಟೆಲಿನ ಬಳಿ ಜನ ನೆರೆದಿದ್ದರು. ಮರುದಿನದ ಮೂರು ನ್ಯೂಯಾರ್ಕ್ ಪತ್ರಿಕೆಗಳನ್ನು ಮೂರು ಕಿಟಕಿಗಳಲ್ಲಿ ಒಟ್ಟಿಗೆ ತೆರೆದಿಟ್ಟು ಓದುವುದು ಈ ಸೇವೆ ಕೊಡುವ ದೊಡ್ಡ ಸುಖ; ಒಂದೇ ಪಂದ್ಯವನ್ನು ಮೂವರು ಹೇಗೆ ಕಂಡರು, ಯಾರು ಯಾರನ್ನು ಹೊಗಳಿದರು, ಯಾರ ವರದಿ ಎಷ್ಟು ಉದ್ದ ಎಂಬುದೆಲ್ಲ ಪಕ್ಕಪಕ್ಕದಲ್ಲಿ ಸಿಗುತ್ತದೆ. ಆ ಪಂದ್ಯದ ಮರುದಿನ ಬ್ರೂಕ್ಲಿನ್‌ನ ಅಟ್ಲಾಂಟಿಕ್ ತಂಡ 32–10ರಿಂದ, ಮತ್ತೂ ಮರುದಿನ ಎಕ್‌ಫರ್ಡ್ ತಂಡ 24–5ರಿಂದ ಸೋತವು. ಫಿಲಡೆಲ್ಫಿಯಾದ ಅಥ್ಲೆಟಿಕ್ 27–18ರಿಂದ ಸೋತಿತು. ವಾಷಿಂಗ್ಟನ್‌ನಲ್ಲಿ ಆಟಗಾರರು ಅಧ್ಯಕ್ಷ ಗ್ರಾಂಟ್ ಅವರನ್ನು ಶ್ವೇತಭವನದಲ್ಲಿ ಕಂಡುಬಂದರು. ‘ಈವನಿಂಗ್ ಸ್ಟಾರ್’ ಸಂಜೆ ಪತ್ರಿಕೆಯಾದ್ದರಿಂದ ಮಧ್ಯಾಹ್ನದ ಪಂದ್ಯದ ಪೂರ್ಣ ವರದಿಗೆ ಅದರ ಮುಂದಿನ ಸಂಚಿಕೆಯನ್ನೇ ನೋಡಬೇಕು. ಇದನ್ನು ನೆನಪಿಟ್ಟರೆ ವೃಥಾ ಹುಡುಕಾಟ ತಪ್ಪುತ್ತದೆ.

ಪಂದ್ಯದ ಅಂಕಪಟ್ಟಿ ಓದುವುದನ್ನು ಸ್ವಲ್ಪ ಕಲಿತುಕೊಳ್ಳಬೇಕು. ಅಂದಿನ ಪಟ್ಟಿಯಲ್ಲಿ ಪ್ರತಿ ಆಟಗಾರನ ಮುಂದೆ ಸಾಮಾನ್ಯವಾಗಿ ಎರಡೇ ಅಂಕಣ: ಆತ ಎಷ್ಟು ಸಲ ಔಟಾದ, ಎಷ್ಟು ರನ್ ಗಳಿಸಿದ. ಕ್ರಿಕೆಟ್ ಸ್ಕೋರ್‌ಕಾರ್ಡ್‌ನ ನೆರಳು ಇಲ್ಲಿ ಎದ್ದು ಕಾಣುತ್ತದೆ, ಮತ್ತು ಅದು ಆಕಸ್ಮಿಕವಲ್ಲ: ಈ ಪಟ್ಟಿಯ ರೂಪವನ್ನು ಬೆಳೆಸಿದ ಹೆನ್ರಿ ಚಾಡ್ವಿಕ್ ಕೂಡ ಇಂಗ್ಲೆಂಡಿನಿಂದ ವಲಸೆ ಬಂದು, ಕ್ರಿಕೆಟ್ ವರದಿ ಬರೆಯುತ್ತಲೇ ಬೇಸ್‌ಬಾಲಿಗೆ ಹೊರಳಿದವರು. ನಮ್ಮ ಓದುಗರಿಗೆ ಇದೊಂದು ಅನುಕೂಲ. ಆಧುನಿಕ ಬೇಸ್‌ಬಾಲ್‌ನ ದಶಮಾಂಶಗಳ ರಾಶಿಯ ಮುಂದೆ ತಬ್ಬಿಬ್ಬಾಗುವ ಕ್ರಿಕೆಟ್ ಪ್ರೇಮಿಗೆ 1869ರ ಪಟ್ಟಿ ಸಲೀಸಾಗಿ ಅರ್ಥವಾಗುತ್ತದೆ. ಆದರೆ ಯಂತ್ರದ ಪಠ್ಯದಲ್ಲಿ ಮಾತ್ರ ಈ ಪಟ್ಟಿಗಳನ್ನು ಓದಲು ಹೋಗಬೇಡಿ. ಅಂಕಣಗಳು ಒಂದರೊಳಗೊಂದು ನುಗ್ಗಿ ಗೊಜ್ಜಾಗಿರುತ್ತವೆ. ಪುಟದ ಚಿತ್ರವನ್ನೇ ಹಿಗ್ಗಿಸಿ ನೋಡಬೇಕು, ಅದಕ್ಕೆ ಮೊಬೈಲಿನ ಪರದೆ ಸಾಲದು.

ಜುಲೈ 1ರಂದು ಊರಿಗೆ ಮರಳಿದ ತಂಡಕ್ಕೆ ಸಿಕ್ಕ ಸ್ವಾಗತ, ಮರದ ವ್ಯಾಪಾರಿಗಳು ಉಡುಗೊರೆಯಾಗಿ ಕೊಟ್ಟ 27 ಅಡಿ ಉದ್ದದ ಬ್ಯಾಟು, ಔತಣ, ಭಾಷಣ ಇವೆಲ್ಲ ಪುಸ್ತಕಗಳಲ್ಲಿ ಬೇಕಾದಷ್ಟು ಬಂದಿವೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅದೇ ತಿಂಗಳು ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಿಂದ ಬಂದ ಫಾರೆಸ್ಟ್ ಸಿಟಿ ತಂಡದ ಎದುರಿನ ಪಂದ್ಯ. ಅದರಲ್ಲಿ ರೆಡ್ ಸ್ಟಾಕಿಂಗ್ಸ್ ಕೊನೆಯ ಸರದಿಯಲ್ಲಿ ಚೇತರಿಸಿಕೊಂಡು 15–14ರಿಂದ ಪಾರಾಯಿತು. ರಾಕ್‌ಫರ್ಡ್‌ನ ಪಿಚರ್ ಆಗ ಇನ್ನೂ ಹದಿಹರೆಯದ ಆಲ್ಬರ್ಟ್ ಸ್ಪಾಲ್ಡಿಂಗ್. ಮುಂದೆ ಕ್ರೀಡಾ ಸಾಮಗ್ರಿಗಳ ದೊಡ್ಡ ವ್ಯಾಪಾರಿಯಾದ ಅದೇ ಸ್ಪಾಲ್ಡಿಂಗ್ ಬೇಸ್‌ಬಾಲ್‌ಗೆ ಸಂಬಂಧಿಸಿದ ಕಾಗದಪತ್ರ, ಚಿತ್ರಗಳನ್ನು ಕೂಡಿಡುತ್ತ ಬಂದರು. ಚಾಡ್ವಿಕ್ ಅವರ ಗ್ರಂಥಸಂಗ್ರಹ, ಹ್ಯಾರಿ ರೈಟ್ ಅವರ ಲೆಕ್ಕದ ಪುಸ್ತಕಗಳು ಅವರ ಬಳಿ ಸೇರಿದವು. ಅವರ ತರುವಾಯ 1921ರಲ್ಲಿ ಅದೆಲ್ಲವೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ದಾನವಾಗಿ ಬಂದಿತು. ರೆಡ್ ಸ್ಟಾಕಿಂಗ್ಸ್‌ಗೆ ಸೋಲಿನ ರುಚಿ ತೋರಿಸಲು ಒಂದೇ ರನ್ ಕಡಿಮೆಬಿದ್ದ ಹುಡುಗನ ಸಂಗ್ರಹದಲ್ಲೇ ಆ ತಂಡದ ನಾಯಕನ ಕಾಗದಗಳು ಉಳಿದುಬಂದದ್ದು ಸೊಗಸಾದ ಕಾಕತಾಳೀಯ.

ಹಾಗಾಗಿ ಪತ್ರಿಕೆಗಳ ಜೊತೆಗೆ ಈ ಲೈಬ್ರರಿಯ ಡಿಜಿಟಲ್ ಸಂಗ್ರಹವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 1869ರ ದಿನಪತ್ರಿಕೆಗಳಲ್ಲಿ ಛಾಯಾಚಿತ್ರಗಳಿಲ್ಲ. ಪುಟವೆಂದರೆ ಬರೀ ಅಕ್ಷರಗಳ ಗೋಡೆ. ಸ್ಪಾಲ್ಡಿಂಗ್ ಸಂಗ್ರಹದ ಚಿತ್ರಗಳು ಆ ಕೊರತೆಯನ್ನು ನೀಗಿಸುತ್ತವೆ, ಮತ್ತು ಹಕ್ಕುಸ್ವಾಮ್ಯ ಮುಗಿದ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಲು ಆ ಲೈಬ್ರರಿ 2016ರಿಂದ ಮುಕ್ತ ಅವಕಾಶ ಕೊಟ್ಟಿದೆ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೇ ಸಿನ್ಸಿನಾಟಿ ತಂಡದ ಒಂಬತ್ತು ಮಂದಿಯ 1869ರ ಕಲ್ಲಚ್ಚಿನ ಚಿತ್ರವೂ ಇದೆ. ಮೊಣಕಾಲಿನವರೆಗಿನ ಚಲ್ಲಣ, ಅದರ ಕೆಳಗೆ ಎದ್ದು ಕಾಣುವ ಉದ್ದ ಕಾಲುಚೀಲ: ಉದ್ದ ಪ್ಯಾಂಟು ತೊಟ್ಟು ಆಡುತ್ತಿದ್ದ ಎದುರಾಳಿಗಳ ನಡುವೆ ಈ ವೇಷ ಪ್ರೇಕ್ಷಕರ ಕಣ್ಣು ಸೆಳೆದದ್ದು ಏಕೆಂದು ಚಿತ್ರ ನೋಡಿದರೆ ತಿಳಿಯುತ್ತದೆ.

ಆಗಸ್ಟ್ 26ರ ಪಂದ್ಯಕ್ಕೆ ಬಂದಾಗ ದಿನಾಂಕ ಹಿಡಿದು ಓದುವ ಕ್ರಮದ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಎದುರಾಳಿ ಟ್ರಾಯ್ ಪಟ್ಟಣದ ಹೇಮೇಕರ್ಸ್. ಜೂಜುಕೋರರ ನಂಟಿನಿಂದ ಕುಖ್ಯಾತಿ ಪಡೆದಿದ್ದ ತಂಡ. ಅಂಕ 17–17ರಲ್ಲಿ ಸಮವಾಗಿದ್ದಾಗ ಮೆಕ್‌ವೇ ಬ್ಯಾಟಿಗೆ ತಾಗಿದ ಚೆಂಡನ್ನು ಟ್ರಾಯ್‌ನ ಕ್ಯಾಚರ್ ಹಿಡಿದನೋ ಇಲ್ಲವೋ ಎಂಬ ಜಗಳ ಹತ್ತಿತು. ಅಂಪೈರ್ ಔಟ್ ಕೊಡಲಿಲ್ಲ. ಟ್ರಾಯ್‌ನ ಅಧ್ಯಕ್ಷ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಅಂಪೈರ್ ಪಂದ್ಯವನ್ನು ಸಿನ್ಸಿನಾಟಿಗೆ ಒಪ್ಪಿಸಿದರು. ಪಂದ್ಯ ಪೂರ್ತಿಯಾಗದಿದ್ದರೆ ಪಣದ ಹಣ ಉಳಿಯುತ್ತದೆಂಬ ಲೆಕ್ಕಾಚಾರದಿಂದಲೇ ಈ ನಾಟಕ ನಡೆಯಿತೆಂದು ಸಿನ್ಸಿನಾಟಿಯವರು ದೂರಿದರು; ಟ್ರಾಯ್‌ನವರು ಅಂಪೈರ್ ಪಕ್ಷಪಾತಿಯೆಂದರು. ಕೋಷ್ಟಕದಲ್ಲಿ ಇದು ಒಂದು ಅಡಿಟಿಪ್ಪಣಿ. ಪತ್ರಿಕೆಗಳಲ್ಲಾದರೆ ಇದು ಮುಂದಿನ ವಾರಗಳಿಗೂ ಹರಿಯುವ ವಿವಾದ, ಮತ್ತು ಒಂದೊಂದು ಊರಿನ ಪತ್ರಿಕೆ ಒಂದೊಂದು ಕಡೆ ವಾಲುವುದನ್ನು ಓದುಗ ತಾನೇ ತೂಗಿ ನೋಡಬಹುದು.

ಇಲ್ಲಿಂದಲೇ ಆ ಪ್ರಸಿದ್ಧ 57–0ರ ಲೆಕ್ಕ ಅಲುಗಾಡತೊಡಗುತ್ತದೆ. ಟ್ರಾಯ್ ಪಂದ್ಯವನ್ನು ಗೆಲುವೆಂದು ಎಣಿಸುವವರಿದ್ದಾರೆ, ಸಮವೆಂದು ಎಣಿಸುವವರೂ ಇದ್ದಾರೆ. ರಾಷ್ಟ್ರೀಯ ಸಂಘದ ಸದಸ್ಯ ಕ್ಲಬ್‌ಗಳ ಎದುರಿನ ಪಂದ್ಯಗಳನ್ನು ಮಾತ್ರ ಹಿಡಿದರೆ ಒಂದು ಸಂಖ್ಯೆ, ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟ ತಂಡಗಳ ಎದುರಿನ ಆಟಗಳನ್ನೂ ಸೇರಿಸಿದರೆ 60 ದಾಟುವ ಇನ್ನೊಂದು ಸಂಖ್ಯೆ. ಆಗ ಲೀಗ್ ಇರಲಿಲ್ಲ, ವೇಳಾಪಟ್ಟಿ ಇರಲಿಲ್ಲ. ಪತ್ರ ಬರೆದು, ದಿನ ಗೊತ್ತುಮಾಡಿ, ಟಿಕೆಟ್ ಹಣದ ಪಾಲು ಒಪ್ಪಿಸಿಕೊಂಡು ಆಡುತ್ತಿದ್ದರು. ಯಾವುದನ್ನು ‘ಪಂದ್ಯ’ವೆಂದು ಲೆಕ್ಕಕ್ಕೆ ಹಿಡಿಯಬೇಕೆಂಬುದೇ ತೀರ್ಮಾನವಾಗಿರಲಿಲ್ಲ. ಸಿದ್ಧ ಕೋಷ್ಟಕ ಕೊಡುವ ಜಾಲತಾಣಗಳು ಈ ಗೊಂದಲವನ್ನು ಒರೆಸಿಹಾಕಿ ಒಂದು ಸಂಖ್ಯೆಯನ್ನು ಮುಂದಿಡುತ್ತವೆ. ಪತ್ರಿಕೆಗಳ ಸಂಗ್ರಹ ಅದನ್ನು ಇದ್ದಂತೆಯೇ ಉಳಿಸುತ್ತದೆ. ಜೂನ್ 15ರ ಮಧ್ಯಾಹ್ನ ಆ ತಂಡ ಇಡೀ ವರ್ಷ ಅಜೇಯವಾಗಿ ಉಳಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ವರದಿಗಾರನಿಗೂ ಗೊತ್ತಿರಲಿಲ್ಲ. ಫಲಿತಾಂಶ ಮೊದಲೇ ಬಲ್ಲ ನಮಗೆ ಆ ಅನಿಶ್ಚಯವನ್ನು ಕೊಡಬಲ್ಲದ್ದು ಅಂದಿನ ಪತ್ರಿಕೆ ಮಾತ್ರ, ಮತ್ತು ಈ ಸೇವೆಯನ್ನು ನಾನು ಶಿಫಾರಸು ಮಾಡುವುದು ಮುಖ್ಯವಾಗಿ ಈ ಕಾರಣಕ್ಕೆ.

ಸೆಪ್ಟೆಂಬರಿನಲ್ಲಿ ತಂಡ ಕ್ಯಾಲಿಫೋರ್ನಿಯಾಕ್ಕೆ ಹೊರಟಿತು. ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲುಹಳಿ ಯೂಟಾದ ಪ್ರಾಮಂಟರಿಯಲ್ಲಿ ಕೂಡಿದ್ದು ಅದೇ ವರ್ಷದ ಮೇ 10ರಂದು, ಅಂದರೆ ತಂಡದ ಮೊದಲ ಪಂದ್ಯವಾಗಿ ಆರು ದಿನಗಳ ನಂತರ. ಹಳಿ ಬಿದ್ದ ವರ್ಷವೇ ಅದರ ಮೇಲೆ ವೃತ್ತಿಪರ ತಂಡವೊಂದು ಸಾನ್ ಫ್ರಾನ್ಸಿಸ್ಕೊಗೆ ಪ್ರಯಾಣ ಮಾಡಿತು. ಈ ಭಾಗಕ್ಕೆ ಮಾತ್ರ ‘ಕ್ರಾನಿಕ್ಲಿಂಗ್ ಅಮೆರಿಕ’ ಬಿಟ್ಟು ‘ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್’ ಎಂಬ ಮತ್ತೊಂದು ಉಚಿತ ಸೇವೆಗೆ ಹೋಗುವುದು ಮೇಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರ ನಡೆಸುವ ಈ ಸಂಗ್ರಹದಲ್ಲಿ ‘ಡೈಲಿ ಆಲ್ಟಾ ಕ್ಯಾಲಿಫೋರ್ನಿಯಾ’ ಪತ್ರಿಕೆಯ ಆ ವರ್ಷದ ಸಂಚಿಕೆಗಳಿವೆ. ಇಲ್ಲಿ ಪುಟವನ್ನು ಲೇಖನಗಳಾಗಿ ಬಿಡಿಸಿಟ್ಟಿದ್ದಾರೆ; ನೋಂದಾಯಿಸಿಕೊಂಡ ಓದುಗರು ಯಂತ್ರದ ತಪ್ಪುಗಳನ್ನು ತಿದ್ದಬಹುದು. ಬಳಸುವವರ ದೃಷ್ಟಿಯಿಂದ ನೋಡಿದರೆ ಈ ಒಂದು ವಿಷಯದಲ್ಲಿ ಸಣ್ಣ ಸೇವೆಯೇ ದೊಡ್ಡದನ್ನು ಮೀರಿಸುತ್ತದೆ. ಆದರೆ ಆಟದ ದೃಷ್ಟಿಯಿಂದ ಈ ವಾರಗಳಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ಈಗಲ್ಸ್ ತಂಡದ ಎದುರು 35–4, ಪೆಸಿಫಿಕ್ಸ್ ಎದುರು 66–4, ಅಲ್ಲಿನ ಅಟ್ಲಾಂಟಿಕ್ಸ್ ಎದುರು 76–5. ಇವು ಪಂದ್ಯಗಳಲ್ಲ, ಪ್ರದರ್ಶನಗಳು. ಎರಡು ಮೂರು ಸಂಚಿಕೆ ಓದಿ ಮುಂದಕ್ಕೆ ಹೋಗಬಹುದು.

ಈ ಸೇವೆಗಳಿಂದ ತಿಳಿಯದ ಮುಖ್ಯ ಸಂಗತಿಯೆಂದರೆ ಹಣದ ಒಳಲೆಕ್ಕ. ಸುಮಾರು 12,000 ಮೈಲಿ ಪ್ರಯಾಣ, 2 ಲಕ್ಷದಷ್ಟು ಪ್ರೇಕ್ಷಕರು ಎಂದು ಹೇಳಲಾಗುವ ಆ ಋತುವಿನ ಕೊನೆಯಲ್ಲಿ ಕ್ಲಬ್ಬಿನ ಆದಾಯ 29,726 ಡಾಲರ್ 26 ಸೆಂಟ್, ಖರ್ಚು 29,724 ಡಾಲರ್ 87 ಸೆಂಟ್ ಎಂಬ ಲೆಕ್ಕ ಇತಿಹಾಸ ಗ್ರಂಥಗಳಲ್ಲಿ ದಾಖಲಾಗಿದೆ. ಉಳಿದದ್ದು 1 ಡಾಲರ್ 39 ಸೆಂಟ್. ಜಾರ್ಜ್ ರೈಟ್ ಹೊಡೆದ 49 ಹೋಮ್ ರನ್‌ಗಳಿಗಿಂತ (ಒಂದೇ ಹೊಡೆತಕ್ಕೆ ಎಲ್ಲ ಬೇಸ್‌ಗಳನ್ನೂ ಸುತ್ತಿಬರುವುದೇ ಹೋಮ್ ರನ್) ಈ 1 ಡಾಲರ್ 39 ಸೆಂಟ್ ನನಗೆ ಹೆಚ್ಚು ಹೇಳುತ್ತದೆ. ಒಂದೂ ಪಂದ್ಯ ಸೋಲದೆ, ಹೋದಲ್ಲೆಲ್ಲ ಜನ ಸೇರಿಸಿ, ರೈಲು, ಹೋಟೆಲು, ಸಂಬಳ ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟೇ ಎಂದಾದರೆ, ಸೋತ ತಂಡದ ಪಾಡೇನು? ಉತ್ತರಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕು. ಪತ್ರಿಕೆಗಳು ಜನಸಂದಣಿಯನ್ನು ವರ್ಣಿಸುತ್ತವೆ, ಕೆಲವೊಮ್ಮೆ ಅಂದಾಜು ಸಂಖ್ಯೆಯನ್ನೂ ಕೊಡುತ್ತವೆ, ಆದರೆ ಕ್ಲಬ್ಬಿನ ಪೆಟ್ಟಿಗೆಯೊಳಗೆ ಇಣುಕುವುದು ಅವುಗಳಿಂದಾಗದು. ಅದಕ್ಕೆ ಸಂಶೋಧಕರು ಬರೆದ ಪುಸ್ತಕಗಳನ್ನೇ ಆಶ್ರಯಿಸಬೇಕು. ಆಟಗಾರರ ಮಾತುಗಳನ್ನು ನಿರೀಕ್ಷಿಸುವವರಿಗೂ ನಿರಾಸೆಯಾಗುತ್ತದೆ. ಪಂದ್ಯದ ನಂತರ ಆಟಗಾರನ ಮುಂದೆ ನಿಂತು ಅಭಿಪ್ರಾಯ ಕೇಳುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ.

ಯಾರಿಗೆ ಈ ಸೇವೆ ಹೊಂದುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಐದು ನಿಮಿಷದಲ್ಲಿ ಉತ್ತರ ಬೇಕಾದವರಿಗೆ ಇದು ಅಲ್ಲವೇ ಅಲ್ಲ; ಅವರು ಯಾವುದಾದರೂ ವಿಶ್ವಕೋಶ ನೋಡಿಕೊಳ್ಳಲಿ. ಬೇಸ್‌ಬಾಲ್‌ನ ನಿಯಮ ಒಂದಿಷ್ಟೂ ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬರಬೇಕು. ಹಳೆಯ ಇಂಗ್ಲಿಷ್ ಬರವಣಿಗೆಯ ಸುತ್ತುಬಳಸನ್ನು ಸಹಿಸುವ ತಾಳ್ಮೆಯಿದ್ದು, ಕಂಪ್ಯೂಟರ್ ಪರದೆಯ ಮುಂದೆ ಸಂಜೆಗಳನ್ನು ಕಳೆಯಬಲ್ಲವರಿಗೆ ಮಾತ್ರ ಇದರ ಪೂರ್ಣ ಪ್ರಯೋಜನ. ವರ್ಷದ ಚಂದಾ ಕೇಳುವ ಖಾಸಗಿ ಪತ್ರಿಕಾ ಸಂಗ್ರಹಗಳೂ ಇವೆ. ಅವುಗಳಲ್ಲಿ ಪತ್ರಿಕೆಗಳ ಸಂಖ್ಯೆ ಹೆಚ್ಚು, ಶೋಧವೂ ಕೆಲವೆಡೆ ಚುರುಕು. ಒಂದೇ ತಂಡದ ಒಂದೇ ಋತುವಿಗಾಗಿ ಅಷ್ಟು ಹಣ ತೆರುವುದು ಸಾಮಾನ್ಯ ಓದುಗರಿಗೆ ಅನಗತ್ಯವೆಂದೇ ನನ್ನ ಅಭಿಪ್ರಾಯ. ಉಚಿತವಾಗಿ ಸಿಗುವ ಮೂರು ಸೇವೆಗಳನ್ನು ಒಟ್ಟಿಗೆ ಬಳಸಿದರೆ ಮೇ ತಿಂಗಳಿಂದ ನವೆಂಬರ್ 6ರವರೆಗೆ, ಅಂದರೆ ಮ್ಯೂಚುವಲ್ ತಂಡವನ್ನು 17–8ರಿಂದ ಸೋಲಿಸಿ ಋತು ಮುಗಿಸಿದ ದಿನದವರೆಗೆ, ಮುಖ್ಯ ಪಂದ್ಯಗಳನ್ನೆಲ್ಲ ಹಿಂಬಾಲಿಸಬಹುದು.

ಅಷ್ಟು ದೂರ ಬಂದವರು 1870ರ ಜೂನ್ 15ರ ನ್ಯೂಯಾರ್ಕ್ ಪತ್ರಿಕೆಗಳನ್ನೂ ತೆರೆಯದೆ ನಿಲ್ಲಿಸಬಾರದು. ಹಿಂದಿನ ದಿನ ಬ್ರೂಕ್ಲಿನ್‌ನ ಕ್ಯಾಪಿಟೊಲೈನ್ ಮೈದಾನದಲ್ಲಿ ಅಟ್ಲಾಂಟಿಕ್ ತಂಡದ ಎದುರು ನಿಗದಿತ ಒಂಬತ್ತು ಇನಿಂಗ್ಸ್ ಮುಗಿದಾಗ ಅಂಕ ಸಮವಾಗಿತ್ತು; ಡ್ರಾ ಒಪ್ಪಿಕೊಂಡು ಹೊರಟಿದ್ದರೆ ಅಜೇಯ ದಾಖಲೆ ಮುಂದುವರಿಯುತ್ತಿತ್ತು. ಹ್ಯಾರಿ ರೈಟ್ ಆಡಿಯೇ ತೀರಬೇಕೆಂದರು. ಹನ್ನೊಂದನೇ ಇನಿಂಗ್ಸ್‌ನಲ್ಲಿ ಸಿನ್ಸಿನಾಟಿ ಮುನ್ನಡೆ ಪಡೆದರೂ ಅಟ್ಲಾಂಟಿಕ್ 8–7ರಿಂದ ಗೆದ್ದಿತು. ಅದರ ನಾಯಕ ಬಾಬ್ ಫರ್ಗ್ಯೂಸನ್ ಶಾರ್ಟ್‌ಸ್ಟಾಪ್‌ನಲ್ಲಿದ್ದ ಜಾರ್ಜ್ ರೈಟ್ ಕಡೆಗೆ ಚೆಂಡು ಹೋಗದಿರಲೆಂದು ಎಡಗೈ ಆಟಗಾರನಂತೆ ನಿಂತು ಬ್ಯಾಟ್ ಮಾಡಿದ್ದು ಈ ಪಂದ್ಯದಲ್ಲೇ. ಆ ವರ್ಷ ಇನ್ನೂ ಕೆಲವು ಸೋಲುಗಳಾದವು, ತವರಿನ ಉತ್ಸಾಹ ಇಳಿಯಿತು, ಸಂಬಳದ ಬೇಡಿಕೆ ಏರಿತು. 1870ರ ಕೊನೆಯಲ್ಲಿ ಕ್ಲಬ್ ವೃತ್ತಿಪರ ಆಟಗಾರರನ್ನು ಕೈಬಿಟ್ಟಿತು. ಹ್ಯಾರಿ ರೈಟ್ ತಮ್ಮನನ್ನೂ ಗೂಲ್ಡ್, ಮೆಕ್‌ವೇ ಅವರನ್ನೂ ಕರೆದುಕೊಂಡು ಬಾಸ್ಟನ್‌ಗೆ ಹೋಗಿ, ಅದೇ ಕೆಂಪು ಕಾಲುಚೀಲ ತೊಡಿಸಿ, ಅದೇ ಹೆಸರಿನ ಹೊಸ ತಂಡ ಕಟ್ಟಿದರು. ರಾಕ್‌ಫರ್ಡ್‌ನ ಸ್ಪಾಲ್ಡಿಂಗ್ ಆ ತಂಡದ ಪಿಚರ್ ಆದರು. ಇಂದಿನ ಅಟ್ಲಾಂಟಾ ಬ್ರೇವ್ಸ್ ಆ ಬಾಸ್ಟನ್ ತಂಡದ ವಂಶಕ್ಕೆ ಸೇರಿದ್ದು. 1871ರಿಂದ ಮುಂದಿನ ಅಂಕಿಅಂಶಗಳು ಕೋಷ್ಟಕಗಳಲ್ಲಿ ಸಿಗುತ್ತವೆ.